ಸರ್ಕಾರದ ಅನುಕೂಲಕ್ಕೆ ತಕ್ಕ ಯೋಗ್ಯತೆ

ಮೊನ್ನೆ ಅಕ್ಕನ ಮಗ ಲ್ಯಾಪ್‌ಟಾಪಲ್ಲಿ ಬಲೂನ್ ಊದ್ತಾ ಕೂತಿದ್ದ. ಕೆಲ್ಸ ಹುಡುಕೋದು ಬಿಟ್ಟು ಗೇಮ್ ಆಡ್ತಿದಾನೆ ಅಂತ ಬೈದೆ. "ಇಲ್ಲ ಮಾವ, ಇದೇ ಕೆಲ್ಸದ ಟೆಸ್ಟು" ಅಂದ. ಬಲೂನ್ ಒಡೀತು, ಕೆಲ್ಸಾನೂ ಹೋಯ್ತು. ಅಕೌಂಟ್ಸ್ ಕೆಲ್ಸ ಕಣ್ರೀ ಅದು! ಬಲೂನಿಗೂ ಲೆಕ್ಕಕ್ಕೂ ಏನ್ ಸಂಬಂಧ ಅಂತ ಕೇಳಂಗಿಲ್ಲ, ಸೈನ್ಸಂತೆ.

ಹೀಗೆ ಟೆಸ್ಟ್ ಕೊಟ್ಟು ಜನರನ್ನ ಅಳೆಯೋ ಸೈನ್ಸಿನ ತಾತಂದಿರಲ್ಲಿ ಒಂದು, ಎರಡನೇ ಮಹಾಯುದ್ಧದ ಅಮೆರಿಕಾ ಸೇನೆಯ ಪೈಲಟ್ ಪರೀಕ್ಷೆ. ವಿಮಾನ ಹಾರಿಸ್ತೀನಿ ಅಂತ ಓಡಿಬಂದ ಹುಡುಗರನ್ನ ನ್ಯಾಶ್‌ವಿಲ್, ಸ್ಯಾನ್ ಆಂಟೋನಿಯೋ, ಸಾಂಟಾ ಆನಾದಲ್ಲಿ ಕೂಡಿಹಾಕಿ ಜರಡಿ ಹಿಡಿಯೋರು. ಗ್ರಾಮಫೋನ್ ತಟ್ಟೆ ಥರ ತಿರುಗೋ ಬಿಲ್ಲೆ ಮೇಲಿನ ಚುಕ್ಕಿಗೆ ಕಡ್ಡಿ ಮುಟ್ಟಿಸ್ಕೊಂಡೇ ಇರ್ಬೇಕು. ಆಮೇಲೆ ಮನೋವೈದ್ಯ ಬಂದು ಹುಡುಗೀರು ಇಷ್ಟಾನಾ, ರಾತ್ರಿ ಹಾಸಿಗೆ ಒದ್ದೆ ಮಾಡ್ಕೊತೀಯಾ ಅಂತ ಕೇಳೋನು. ಎಲ್ಲಾ ಕೂಡಿಸಿ ಕಳೆದು 1ರಿಂದ 9ರವರೆಗೆ ಒಂದಂಕಿ, ಅದರ ಹೆಸರು ಸ್ಟೆನೈನ್. ಪೈಲಟ್‌ಗೊಂದು, ದಾರಿ ಲೆಕ್ಕ ಹಾಕೋ ನ್ಯಾವಿಗೇಟರ್‌ಗೊಂದು, ಗುರಿ ನೋಡಿ ಬಾಂಬ್ ಹಾಕೋ ಬಾಂಬಾರ್ಡಿಯರ್‌ಗೊಂದು. ನಿಜ ಹೇಳ್ಬೇಕಂದ್ರೆ ಅಂಕಿ ಪೂರ್ತಿ ಸುಳ್ಳೇನಲ್ಲ, ಕಮ್ಮಿ ಬಂದೋರು ತರಬೇತಿಲಿ ಜಾಸ್ತಿ ಉದುರಿದ್ರು. ಆದ್ರೆ ಕಟ್‌ಆಫ್ ಇದ್ಯಲ್ಲ, ಅದು ನಮ್ಮ ಸಿಇಟಿ ಥರಾನೇ, ಸೀಟು ಕಮ್ಮಿ ಆದಂಗೆ ಮೇಲಕ್ಕೆ. ಹೋದ ವರ್ಷ ಗರುಡ ಆಗಿದ್ದೋನು ಈ ವರ್ಷ ಕೋಳಿ.

ಪಾಸಾದೋರಿಗೆ ಪ್ರೀಫ್ಲೈಟ್, ಅಂದ್ರೆ ಹಾರೋಕ್ಕಿಂತ ಮುಂಚಿನ ತರಬೇತಿ. ವಿಮಾನ ಓಡಿಸಂಗಿಲ್ಲ, ಮೋರ್ಸ್ ಕೋಡು, ಗಣಿತ, ಫಿಸಿಕ್ಸು, ಡ್ರಿಲ್ಲು. ಜೊತೆಗೆ ಸೀನಿಯರ್‌ಗಳ ಕಾಟ: ಬೆನ್ನು ನೆಟ್ಟಗೆ, ಕಣ್ಣು ಎದುರಿಗೆ, ಚಮಚ ಸೀದಾ ಮೇಲೆತ್ತಿ, ಅಲ್ಲಿಂದ ಅಡ್ಡಕ್ಕೆ ಬಾಯಿಗೆ. ಚೌಕಾಕಾರದ ಊಟ! ಇದೇ ರೀತಿ ನಮ್ಮಲ್ಲಿ ಬಿಸಿ ಸಾರನ್ನ ತಿನ್ನಿಸಿದ್ರೆ ಅರ್ಧ ಬೆಟಾಲಿಯನ್ ಮೊದಲನೇ ದಿನಾನೇ ಊರಿಗೆ ಬಸ್ ಹತ್ತಿರೋದು, ಅದೂ ತುತ್ತು ಕಲಸೋ ಬೆರಳಿಗೆ ತೊಂಬತ್ತು ಡಿಗ್ರಿ ಹೇಳ್ಕೊಡೋರು ಯಾರು. ವೈರಿ ವಿಮಾನ ಎದುರಿಗೆ ಬಂದಾಗ ಈ ವಿದ್ಯೆ ಎಷ್ಟು ಉಪಯೋಗ ಆಯ್ತೋ ದೇವರಿಗೇ ಗೊತ್ತು.

ಪ್ರೀಫ್ಲೈಟ್‌ನ ದೊಡ್ಡ ಶಾಲೆ ಇದ್ದ ಮ್ಯಾಕ್ಸ್‌ವೆಲ್ ಫೀಲ್ಡು ಅಲಬಾಮಾದಲ್ಲಿತ್ತು. ಅದೇ ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ಹುಡುಗರಿಗೆ ಬೇರೆ ಶಾಲೆ. ಅವರನ್ನ ಅಳೆಯೋಕೆ ತಿರುಗೋ ಬಿಲ್ಲೆನೂ ಬೇಕಿರ್ಲಿಲ್ಲ, 1925ರಲ್ಲೇ ಆರ್ಮಿ ವಾರ್ ಕಾಲೇಜಿನ ದೊಡ್ಡೋರು ಇವರು ಕೀಳು ಅಂತ ವರದಿ ಬರೆದು ಮುಗಿಸಿದ್ರು. ಟಸ್ಕೀಗಿಯಲ್ಲಿ 1941ರ ಜುಲೈಲಿ 13 ಜನ ತರಬೇತಿ ಶುರು ಮಾಡಿದ್ರು, 1942ರ ಮಾರ್ಚಲ್ಲಿ 5 ಜನ ಪೈಲಟ್ ಆಗಿ ರೆಕ್ಕೆ ಬ್ಯಾಡ್ಜು ಹಾಕ್ಕೊಂಡ್ರು. ವರದಿ ಬರೆದೋರಿಗೆ ಯಾರಾದ್ರೂ ಸ್ಟೆನೈನ್ ಹಾಕಿದ್ರಾ?

1944ರ ಹೊತ್ತಿಗೆ ಪೈಲಟ್‌ಗಳು ಸಾಕಾದ್ರು. ಅರ್ಹತಾ ಪರೀಕ್ಷೆ ಪಾಸಾಗಿ ಪಾಳಿ ಕಾಯ್ತಿದ್ದ ಸಾವಿರಾರು ಹುಡುಗರನ್ನ ವಾಪಸ್ ಭೂಸೇನೆಗೆ ಅಟ್ಟಿದ್ರು. ಕಾರಣ? ಸರ್ಕಾರದ ಅನುಕೂಲಕ್ಕಾಗಿ. ನಿಜವಾಗ್ಲೂ ಅದೇ ಮಾತು. ಆ ಹುಡುಗರ ಕೈ ನಡುಗಿತ್ತಾ, ಕಣ್ಣು ಮಂಜಾಯ್ತಾ, ಲೆಕ್ಕ ತಪ್ಪಿತಾ? ಏನೂ ಇಲ್ಲ. ನಿನ್ನೆ ಆಕಾಶಕ್ಕೆ ಯೋಗ್ಯ, ಇವತ್ತು ಕೆಸರಿಗೆ ಯೋಗ್ಯ. ಹತ್ತೊಂಬತ್ತು ಇಪ್ಪತ್ತರ ಮಕ್ಕಳು, ಮನೇಗೆ ಏನಂತ ಕಾಗದ ಬರೀಬೇಕಿತ್ತು ಅವರು.

ಅಂದಂಗೆ, ಬಲೂನ್ ಕಂಪನಿಯವರು ನಿನ್ನೆ ಫೋನ್ ಮಾಡಿದ್ರು. ಜನ ಸಿಗ್ತಿಲ್ವಂತೆ, ಸೋಮವಾರ ಬಂದು ಸೇರ್ಕೊ ಅಂದ್ರಂತೆ.