ಕ್ವಾರಿ ಹೊಂಡಕ್ಕೆ ಕ್ಯಾನುಗಟ್ಟಲೆ ಬ್ಯಾಕ್ಟೀರಿಯಾ ಸುರಿಯಬೇಡಿ

ಬಂಡೆ ಸಿಡಿಸುವ ಮದ್ದಿನಿಂದ ನೀರಿಗಿಳಿದ ನೈಟ್ರೇಟನ್ನು ಒಡೆದು ತೆಗೆಯುವ ಬ್ಯಾಕ್ಟೀರಿಯಾ ನಮ್ಮ ಮಣ್ಣಲ್ಲಿ ಮೊದಲಿನಿಂದಲೂ ಇವೆ. ಅವಕ್ಕೆ ಸಿಗದೇ ಇರುವುದು ಆಹಾರ ಮತ್ತು ಗಾಳಿಯಾಡದ ಜಾಗ. ಅದನ್ನು ಬಿಟ್ಟು ಜೀವಾಣು ದ್ರಾವಣ ಕೊಳ್ಳುವುದು ದುಡ್ಡು ದಂಡ.

ಬ್ಯಾಕ್ಟೀರಿಯಾದಿಂದ ಮದ್ದಿನ ಕೊಳೆ ತೆಗೆಯುವ ಮಾತು ಬಂದಾಗಲೆಲ್ಲ ಅಮೆರಿಕದ ಉಮಟಿಲ್ಲಾ ಸೇನಾ ಡಿಪೋ ಹೆಸರು ಬರುತ್ತದೆ. ಅಲ್ಲಿ 1990ರ ದಶಕದಲ್ಲಿ ಟಿಎನ್‌ಟಿ, ಆರ್‌ಡಿಎಕ್ಸ್ ಎಂಬ ಸ್ಫೋಟಕಗಳು ಇಳಿದ ಮಣ್ಣಿಗೆ ಸಗಣಿ, ಮರದ ಹೊಟ್ಟು ಬೆರೆಸಿ ಕಾಂಪೋಸ್ಟ್ ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಸಂಡೂರಿನ ಗಣಿಯಲ್ಲಿ, ಕುಷ್ಟಗಿಯ ಕಲ್ಲು ಕ್ವಾರಿಯಲ್ಲಿ ಬಂಡೆಗೆ ಕೊರೆದ ಕುಳಿಗೆ ತುಂಬುವುದು ಹೆಚ್ಚಾಗಿ ಅಮೋನಿಯಂ ನೈಟ್ರೇಟ್. ಆನ್ಫೋ ಎಂಬ ಕಾಳಿನಂಥ ಮದ್ದಿನಲ್ಲಿ ಅದು 94 ಪಾಲು, ಡೀಸೆಲ್ 6 ಪಾಲು. ಎಮಲ್ಷನ್ ಎಂಬ ಅಂಟುಮದ್ದಿನಲ್ಲೂ ಮುಖ್ಯ ಸರಕು ಅದೇ. ಚೆಲ್ಲಿದ್ದು, ಸಿಡಿಯದೆ ಉಳಿದದ್ದು ಮಳೆಗೆ ಕರಗಿ ಬಂಡೆಯ ಬಿರುಕಿನಲ್ಲಿ ಇಳಿಯುತ್ತದೆ. ಒಂದು ಕೆಜಿ ಅಮೋನಿಯಂ ನೈಟ್ರೇಟಿನಲ್ಲಿರುವ ನೈಟ್ರೇಟ್ ಸುಮಾರು 17,000 ಲೀಟರ್ ನೀರನ್ನು ಕುಡಿಯುವ ನೀರಿನ ಮಿತಿಗೆ, ಅಂದರೆ ಲೀಟರಿಗೆ 45 ಮಿಲಿಗ್ರಾಂಗೆ, ಮುಟ್ಟಿಸುತ್ತದೆ.

ಅದರ ಸಾರಜನಕದಲ್ಲಿ ಅರ್ಧ ಮಾತ್ರ ನೈಟ್ರೇಟ್, ಇನ್ನರ್ಧ ಅಮೋನಿಯಂ ರೂಪದಲ್ಲಿರುತ್ತದೆ. ಹಾಗಾಗಿ ಕೆಲಸ ಎರಡು ಹಂತದ್ದು. ಮೊದಲು ಹೊಂಡದ ನೀರಿಗೆ ಗಾಳಿ ಊದಿ ಅಮೋನಿಯಂ ಅನ್ನು ನೈಟ್ರೇಟ್ ಮಾಡಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ 4.6 ಗ್ರಾಂ ಆಮ್ಲಜನಕ ಬೇಕು, ಸುಮಾರು 7 ಗ್ರಾಂ ಸುಣ್ಣದಕಲ್ಲಿನಷ್ಟು ಕ್ಷಾರವೂ ಖರ್ಚಾಗುತ್ತದೆ. ಕ್ಷಾರ ತೀರಿದರೆ ನೀರು ಹುಳಿಯಾಗಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ. ಆಮೇಲೆ ಆ ನೀರನ್ನು ಪ್ಲಾಸ್ಟಿಕ್ ಹಾಸಿ ಮರದ ಚಕ್ಕೆ ತುಂಬಿದ ಕಾಲುವೆಗೆ ಬಿಡಬೇಕು. ಚಕ್ಕೆ ಸದಾ ಮುಳುಗಿರಲಿ. ಇಲ್ಲಿ ನೈಟ್ರೇಟ್ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಒಂದು ಗ್ರಾಂ ಸಾರಜನಕಕ್ಕೆ ಕಡಿಮೆ ಅಂದರೂ ಒಂದು ಗ್ರಾಂ ಇಂಗಾಲ ಬೇಕು, ಅದೇ ಬ್ಯಾಕ್ಟೀರಿಯಾದ ಆಹಾರ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಚಕ್ಕೆಗಿಂತ ಚುರುಕು, ಆದರೆ ಬೇಗ ಸವೆಯುತ್ತದೆ. ಗಂಗಾವತಿ ಮಿಲ್ಲುಗಳ ಭತ್ತದ ಹೊಟ್ಟು ರಾಶಿಗಟ್ಟಲೆ ಸಿಗುತ್ತದೆ ನಿಜ, ಅದರಲ್ಲಿ ಸಿಲಿಕಾ ಜಾಸ್ತಿ, ಇಂಗಾಲ ನಿಧಾನ ಬಿಡುತ್ತದೆ.

ನೀರು ಜೋರಾಗಿ ಹರಿದರೆ ಅರೆಬರೆ ಕೆಲಸವಾಗಿ ನೈಟ್ರೈಟ್ ಹೊರಬರುತ್ತದೆ, ಅದು ನೈಟ್ರೇಟಿಗಿಂತ ಕೆಟ್ಟದ್ದು. ತೀರಾ ನಿಂತರೆ ಕೊಳೆತ ಮೊಟ್ಟೆಯ ವಾಸನೆ. ಮೊದಮೊದಲು ಬರುವ ಕಂದು ನೀರನ್ನು ಹಳ್ಳಕ್ಕೆ ಬಿಡಬಾರದು, ಹೊಂಡಕ್ಕೇ ತಿರುಗಿಸಿ.

ಮುಖ್ಯ ಮದ್ದನ್ನು ಸಿಡಿಸಲು ಇಡುವ ಬೂಸ್ಟರ್‌ನ ಚೂರು ಕಂಡ ಮಣ್ಣು ಬೇರೆ ಲೆಕ್ಕ. ಅದರಲ್ಲಿ ಟಿಎನ್‌ಟಿ ಇರಬಹುದು. ಮುಟ್ಟಬೇಡಿ, ಲೈಸೆನ್ಸ್ ಇರುವ ಬ್ಲಾಸ್ಟರ್‌ನನ್ನೇ ಕರೆಸಿ. ತೂಕದಲ್ಲಿ ನೂರಕ್ಕೆ 10 ಪಾಲಿಗಿಂತ ಹೆಚ್ಚು ಸ್ಫೋಟಕ ಇರುವ ಮಣ್ಣನ್ನು ಸಿಡಿಯುವ ವಸ್ತು ಎಂದೇ ಎಣಿಸುತ್ತಾರೆ.

ಇಷ್ಟಕ್ಕೂ ಮೊದಲು, ನೀರಿರುವ ಕುಳಿಗೆ ಬಿಡಿ ಆನ್ಫೋ ಸುರಿಯುವುದು ನಿಲ್ಲಲಿ. ಚೆಲ್ಲಿದ ಮದ್ದಿನ ಕಾಳನ್ನು ಪೈಪು ಹಿಡಿದು ತೊಳೆಯದೆ, ಒಣಗಿದ್ದಾಗಲೇ ಗುಡಿಸಿ ತೆಗೆಯಲಿ. ಗ್ರಾಮಸಭೆಯಲ್ಲಿ ನೀರಿನ ವರದಿ ಕೇಳುವಾಗ ನೈಟ್ರೇಟ್, ನೈಟ್ರೈಟ್, ಅಮೋನಿಯಾ ಮೂರೂ ಇರಲಿ. ಅಂಕಿ ‘ನೈಟ್ರೇಟ್ ಸಾರಜನಕ’ ಎಂದಿದ್ದರೆ 4.43ರಿಂದ ಗುಣಿಸಿ ನೋಡಿ: ಅಲ್ಲಿನ 40 ಅಂದರೆ ನಿಜಕ್ಕೂ 177.