ಜೊಂಡಿನ ತಲೆ ಕತ್ತರಿಸಿದರೆ ಕೆರೆಯ ಸೀಸ ಹೋಗುವುದಿಲ್ಲ

ಬೆಂಗಳೂರಿನಲ್ಲಿ ಕೆರೆ ಅಭಿವೃದ್ಧಿ ಅಂದ ಕೂಡಲೇ ಜೊಂಡು ನೆಡುವ ಮಾತು ಬರುತ್ತದೆ. ನೆಡಲಿ. ಚರಂಡಿ ನೀರಿನ ಸಾರಜನಕ, ರಂಜಕ ಹೀರಲು ಅದು ಒಳ್ಳೆಯ ಗಿಡವೇ. ಆದರೆ "ಸೀಸ, ಕ್ಯಾಡ್ಮಿಯಂನಂಥ ಭಾರಲೋಹವನ್ನೂ ಹೀರುತ್ತೆ, ವರ್ಷಕ್ಕೊಮ್ಮೆ ಕಟಾವು ಮಾಡಿದರೆ ಸಾಕು" ಅನ್ನುವುದನ್ನು ಒಪ್ಪಲಾರೆ.

ಒಂದು ಜೊಂಡನ್ನು ಬುಡಸಮೇತ ಕಿತ್ತು ತೊಳೆದು ನೋಡಿ. ಬೇರಿನ ಮೇಲೆ ಎಷ್ಟೋ ಸಲ ತುಕ್ಕುಬಣ್ಣದ ಪೊರೆ ಇರುತ್ತದೆ. ಅದು ನಿಜಕ್ಕೂ ಕಬ್ಬಿಣದ ತುಕ್ಕೇ. ಎಲೆಯಿಂದ ಗಾಳಿಗೂಡುಗಳ ಮೂಲಕ ಇಳಿದ ಆಮ್ಲಜನಕ ಬೇರಿನಿಂದ ಸೋರಿ, ಕೆಸರಲ್ಲಿ ಕರಗಿದ್ದ ಕಬ್ಬಿಣವನ್ನು ಅಲ್ಲೇ ಗಟ್ಟಿ ಮಾಡುತ್ತದೆ. ಸೀಸ, ಸತು, ಆರ್ಸೆನಿಕ್ ಬಹುಪಾಲು ಆ ಪೊರೆಗೇ ಅಂಟುತ್ತವೆ. ಕ್ಯಾಡ್ಮಿಯಂ ಮಾತ್ರ ಸತು, ಕಬ್ಬಿಣ ಹೋಗುವ ದಾರಿಯಲ್ಲೇ ಒಳಗೆ ನುಸುಳುತ್ತದೆ. ಆಗ ಗಿಡ ಫೈಟೋಚೆಲಾಟಿನ್ ಎಂಬ ಪುಟ್ಟ ಪೆಪ್ಟೈಡ್ ಕಟ್ಟಿ, ಅದರ ಗಂಧಕಕ್ಕೆ ಲೋಹವನ್ನು ಸಿಕ್ಕಿಸಿ, ಬೇರಿನ ಕೋಶಗಳ ರಸದಾನಿಯಲ್ಲಿ ಕೂಡಿಹಾಕುತ್ತದೆ. ಇಷ್ಟೆಲ್ಲ ಎಲೆ ಉಳಿಸಿಕೊಳ್ಳಲು. ತಾಳಿಕೆ ಮೀರಿದಾಗಷ್ಟೇ ಬೇರುತುದಿ ಕಂದಿ ಮೊಂಡಾಗುತ್ತದೆ, ಎಳೆ ಎಲೆ ಹಳದಿಯಾಗುತ್ತದೆ. ಹಾಗಾಗಿ ಹಸಿರು ಜೊಂಡು ನೋಡಿ ನೀರು ಚೆನ್ನಾಗಿದೆ ಅನ್ನಬೇಡಿ. ಎಲೆ ಕತ್ತರಿಸಿ ಸಾಗಿಸಿದರೆ ಲೋಹದ ಬಹುಪಾಲು ಬೇರಲ್ಲೂ ಹೂಳಲ್ಲೂ ಉಳಿದೇ ಇರುತ್ತದೆ.

ತೇಲುವ ಕಳೆಯನ್ನು ಬೇರುಸಮೇತ ಎತ್ತಬಹುದು, ಅದೊಂದು ಅನುಕೂಲ. ಎತ್ತಿದ್ದನ್ನು ಏರಿ ಮೇಲೆ ಗುಡ್ಡೆ ಹಾಕಿದರೆ ಕೊಳೆತ ರಸ ಮಳೆಯಲ್ಲಿ ಮತ್ತೆ ಕೆರೆಗೇ ಇಳಿಯುತ್ತದೆ. ಕಾಂಪೋಸ್ಟ್ ಮಾಡಿದರೆ ರಾಶಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಕೆಜಿಗೆ ಲೆಕ್ಕ ಹಾಕಿದರೆ ಏರಿರುತ್ತದೆ. ಪರೀಕ್ಷೆ ಮಾಡಿಸದೆ ಆ ಗೊಬ್ಬರವನ್ನು ಸೊಪ್ಪಿನ ಮಡಿಗೆ ಹಾಕಲೇಬೇಡಿ.

ಪರೀಕ್ಷೆಗೆ ಬೇರು, ಎಲೆ ಬೇರೆ ಬೇರೆ ಕೊಡಿ. ನಲ್ಲಿ ನೀರಲ್ಲಿ, ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಚೆನ್ನಾಗಿ ತೊಳೆಯಿರಿ. ಬೇರಿಗೆ ಅಂಟಿದ ಕೆಸರು ಉಳಿದರೆ ಅದರ ಲೋಹವೂ ಗಿಡದ ಲೆಕ್ಕಕ್ಕೇ ಸೇರುತ್ತದೆ. 70 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ, ಪುಡಿ ಮಾಡಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಳೆಯುತ್ತಾರೆ. ಎಲೆಯ ಅಂಕಿಯನ್ನು ಬೇರಿನದರಿಂದ ಭಾಗಿಸಿ. 1ಕ್ಕಿಂತ ಕಡಿಮೆ ಬಂದರೆ ಕಟಾವಿನಿಂದ ಹೆಚ್ಚೇನೂ ಹೊರಹೋಗುತ್ತಿಲ್ಲ.

ನನಗೆ ನಿಜವಾಗಿ ಭಯ ಇರುವುದು ಕೆರೆಯಂಚಿನ ಹೊನಗೊನ್ನೆ ಸೊಪ್ಪಿನದು. ಅದೇ ಜಾತಿಯ ಕಳೆಯೊಂದು ಕೊಳಚೆ ನೀರಲ್ಲಿ ಹಬ್ಬಿಕೊಂಡಿರುತ್ತದೆ, ನೋಡಲು ಹೆಚ್ಚುಕಡಿಮೆ ಹಾಗೇ. ಆಹಾರದ ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ ಪ್ರಕಾರ ಸೊಪ್ಪಿನಲ್ಲಿ ಸೀಸ ಕೆಜಿಗೆ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ದಾಟಬಾರದು. ಇದು ಹಸಿ ಸೊಪ್ಪಿನ ಲೆಕ್ಕ. ಲ್ಯಾಬಿನವರು ಒಣ ತೂಕಕ್ಕೆ ಅಂಕಿ ಕೊಟ್ಟಿದ್ದರೆ, ಸೊಪ್ಪಿನಲ್ಲಿ ಸುಮಾರು ಶೇ. 90 ನೀರಿರುವುದರಿಂದ, ಹತ್ತರಿಂದ ಭಾಗಿಸಿ ಹೋಲಿಸಿ.