ಬಂದವರೇ ಕಟ್ಟಿದ ಊರಲ್ಲಿ ಬಂದವರ ಕಥೆಗೆ ಟೈಮ್ ಇಲ್ಲ

ಮೊನ್ನೆ ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಹಿರಿಯರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಮೇಲೆ ಒಬ್ಬೊಬ್ಬರೂ ಎರಡು ಮಾತಾಡಬೇಕು ಅಂದರು. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ಆರಿಸಿ ಬದುಕು ಕಳೆದ ಒಬ್ಬ ಅಜ್ಜಿ ಮೈಕ್ ಹಿಡಿದು ಶುರು ಮಾಡಿದರು. "ನಾವು ಚಳ್ಳಕೆರೆ ಕಡೆಯೋರು. ಮಳಿ ಹೋತು. ಕುರಿ ಮಾರಿ ನಮ್ಮಪ್ಪ ನಮ್ಮನ್ನೆಲ್ಲ ಕರ್ಕೊಂಡು ಹೊಂಟ..."

ಅಷ್ಟರಲ್ಲಿ ನಿರೂಪಕರು ಬಂದು, "ಅಜ್ಜಿ, ಟೈಮ್ ಇಲ್ಲ. ನಿಮ್ಮ ಸಾಧನೆ ಏನು ಅಷ್ಟು ಹೇಳಿಬಿಡ್ರಿ" ಅಂದರು. "ಸಾಧನೆ ಏನಿಲ್ಲಪ್ಪ" ಅಂತ ಅಜ್ಜಿ ಮೈಕ್ ಕೊಟ್ಟು ಕೂತುಬಿಟ್ಟರು. ಆಮೇಲೆ ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ಅವರಿಗೆ ಯಾರೂ ಟೈಮ್ ಇಲ್ಲ ಅನ್ನಲಿಲ್ಲ.

ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಬಂದು ಬದುಕು ಕಟ್ಟೋದು ಸಾಧನೆ ಅಲ್ವಾ? ದಾವಣಗೆರೆ ನಿಂತಿರುವುದೇ ಅದರ ಮೇಲೆ. ಒಂದು ಕಾಲಕ್ಕೆ ಇದು ಬೇತೂರಿಗೆ ಸೇರಿದ ಸಣ್ಣ ಹಳ್ಳಿ. ಹೈದರಾಲಿ ಇದನ್ನು ಅಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆ ನಿಲ್ಲಿಸಿದ. ಇದು ಹಳೆಯ ಗೆಜೆಟಿಯರ್‌ನಲ್ಲೇ ಇದೆ. 1930ರ ದಶಕದಲ್ಲಿ ಹತ್ತಿ ಗಿರಣಿ ಬಂತು. ಒಂದರ ಹಿಂದೆ ಒಂದು ಗಿರಣಿ ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾಯಿತು. ಅಲ್ಲಿ ದುಡಿಯೋಕೆ ಸುತ್ತಲಿನ ಬರದ ಸೀಮೆಯಿಂದೆಲ್ಲ ಜನ ಬಂದರು. ಭದ್ರಾ ನಾಲೆಯ ನೀರು ಹರಿದ ಮೇಲೆ ಆಂಧ್ರದ ಕಡೆಯ ರೈತರು ಬಂದು ಕ್ಯಾಂಪ್ ಕಟ್ಟಿ ಭತ್ತ ಬೆಳೆದರು. ನಾವು ಎದೆ ತಟ್ಟಿ ಹೇಳಿಕೊಳ್ಳುವ ಬೆಣ್ಣೆದೋಸೆ ಕೂಡ ಉತ್ತರ ಕರ್ನಾಟಕದ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿಯ ಒಲೆಯಿಂದ ಶುರುವಾದದ್ದು ಅಂತಲೇ ಊರಿನವರು ಹೇಳುತ್ತಾರೆ. ದೋಸೆ ಬೇಕು, ಆ ತಾಯಿ ಯಾಕೆ ಊರು ಬಿಟ್ಟರು ಅನ್ನೋದು ಬೇಡ. ಇದು ನನಗೆ ಅರ್ಥವಾಗಲ್ಲ.

ಗಿರಣಿ ಕಟ್ಟಿದವರ ಹೆಸರು ರಸ್ತೆಗಿದೆ, ಛತ್ರಕ್ಕಿದೆ. ಇರಲಿ, ಇರಬೇಕು. ಆ ಗಿರಣಿಯ ಪಾಳಿಗೆ ಬುತ್ತಿ ಕಟ್ಟಿಕೊಂಡು ಹೋದವರ ಮಾತು ಎಲ್ಲಿದೆ? ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ದುಡಿದವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಈಗ ಉಳಿದಿರುವವರಿಗೂ ಮೈಕ್ ಕೊಟ್ಟು ಕಿತ್ತುಕೊಂಡರೆ ಹೇಗೆ?

"ನಿಮ್ಮದು ಮೂಲ ಯಾವೂರು?" ಅಂತ ಕೇಳದವರು ಯಾರೂ ಇಲ್ಲ. ಬಾಡಿಗೆ ಮನೆ ಕೊಡುವಾಗ ಕೇಳುತ್ತಾರೆ. ಹೆಣ್ಣು ನೋಡುವಾಗ ಕೇಳುತ್ತಾರೆ. ಆದರೆ ಊರಿನ ಹೆಸರು ಸಿಕ್ಕ ಕೂಡಲೇ ಜಾತಿ ಅಳೆದು ಮುಗಿಸುತ್ತಾರೆ. ಹೇಗೆ ಬಂದಿರಿ, ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ಯಾರು ಅನ್ನ ಹಾಕಿದರು ಅಂತ ಮುಂದಕ್ಕೆ ಕೇಳಿದವರನ್ನು ನಾನು ನೋಡಿದ್ದು ಬಹಳ ಕಡಿಮೆ.

ನಮ್ಮ ಮನೆಮಾತು ತೆಲುಗು. ತಾತ ಮಗ್ಗ ಬಿಟ್ಟು ಗಿರಣಿ ಕೆಲಸಕ್ಕೆ ಬಂದವರು. ಒಂದು ಸಂಗತಿ ಹೇಳುತ್ತೇನೆ. ಬಾಡಿಗೆ ಮನೆ ನೋಡೋಕೆ ಹೋಗುವಾಗ ಅಮ್ಮ ನಮ್ಮ ಕೈ ಹಿಡಿದು, "ಅಲ್ಲಿ ಮನೆಮಾತು ಆಡಬೇಡಿ" ಅನ್ನುತ್ತಿದ್ದಳು. ನಾವು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆವು. ಕನ್ನಡ ನನ್ನ ಉಸಿರು, ಇದೇ ಭಾಷೆಯಲ್ಲಿ ಅತ್ತು ನಕ್ಕು ಬೆಳೆದವನು ನಾನು. ಆದರೂ ಆ ಬಾಗಿಲ ಮುಂದೆ ನಿಂತದ್ದು ನೆನಪಾದರೆ ಈಗಲೂ ಗಂಟಲು ಕಟ್ಟುತ್ತದೆ.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರೂ ಇದ್ದರು, ನಮ್ಮ ಜಿಲ್ಲೆಯವರೂ ಇದ್ದರು. ಆಪರೇಷನ್ ಕಾವೇರಿಯಲ್ಲಿ ಭಾರತೀಯರನ್ನು ವಾಪಸ್ ಕರೆತಂದರು. ಟಿವಿಯಲ್ಲಿ ನಾನು ನೋಡಿದ್ದೆಲ್ಲ ಗುಂಡಿನ ಸದ್ದಿನ ಮಾತೇ. ಮನೆಯಲ್ಲಿ ವಾಗ್ರಿ ಮಾತಾಡುವ, ತಾವು ರಾಣಾ ಪ್ರತಾಪನ ಕಡೆಯವರು ಅಂತ ಹೇಳಿಕೊಳ್ಳುವ ಈ ಜನ, ಗಿಡಮೂಲಿಕೆ ಎಣ್ಣೆ ಮಾರಿಕೊಂಡು ಆಫ್ರಿಕಾದವರೆಗೆ ಹೋಗುವುದನ್ನು ಹೇಗೆ ಕಲಿತರು? ಇದನ್ನು ಯಾರಾದರೂ ಕೂತು ಕೇಳಬೇಕಿತ್ತು. ಆಗ ಅವರಿಗೂ ಪುರುಸೊತ್ತಿತ್ತು. ನಮಗೇ ಇರಲಿಲ್ಲ.

ಬೇರೆ ಕಡೆ ಇದನ್ನು ಮಾಡಿದ್ದಾರೆ. ಹಡಗಿನಲ್ಲಿ ಅಮೆರಿಕಕ್ಕೆ ಬಂದವರನ್ನು 1892ರಿಂದ 1954ರ ತನಕ ನ್ಯೂಯಾರ್ಕ್ ಬಳಿಯ ಎಲ್ಲಿಸ್ ದ್ವೀಪದಲ್ಲಿ ತಪಾಸಣೆ ಮಾಡಿ ಬಿಡುತ್ತಿದ್ದರು. ಸುಮಾರು 1.2 ಕೋಟಿ ಜನ ಅಲ್ಲಿ ಹಾದುಹೋದರು. 1973ರಿಂದ ಅವರ ಮಾತುಗಳನ್ನು ರೆಕಾರ್ಡ್ ಮಾಡುತ್ತಾ ಬಂದರು. ಅಲ್ಲಿ ಕೆಲಸ ಮಾಡಿದ ಸಿಬ್ಬಂದಿಯನ್ನೂ ಮಾತಾಡಿಸಿದರು. ನಮ್ಮ ದೇಶ ವಿಭಜನೆಯನ್ನು ಕಂಡವರ ಹತ್ತು ಸಾವಿರಕ್ಕೂ ಹೆಚ್ಚು ನೆನಪುಗಳು ಈಗ ಒಂದು ಕಡೆ ಸೇರಿವೆ. ಅದರಲ್ಲಿ ಬಹಳಷ್ಟನ್ನು ದಾಖಲಿಸಿದ್ದು ತರಬೇತಿ ಪಡೆದ ಸಾಮಾನ್ಯ ಜನರೇ, ಪ್ರೊಫೆಸರುಗಳಲ್ಲ. ಅಂದರೆ ನಾವೂ ಮಾಡಬಹುದು.

ಇದನ್ನು ಹೇಳಿದರೆ ಗೆಳೆಯರೊಬ್ಬರು, "ಮುದುಕರಿಗೆ ಇಸವಿ ನೆನಪಿರಲ್ಲ, ಅದೆಂಥ ಇತಿಹಾಸ?" ಅಂದರು. ಇಸವಿ ಗೆಜೆಟಿಯರ್‌ನಲ್ಲಿ ಸಿಗುತ್ತದೆ ಸ್ವಾಮಿ. ಅಜ್ಜಿಯ ಅಪ್ಪ ಕುರಿ ಮಾರಿದ್ದು ಯಾವ ಗೆಜೆಟಿಯರ್‌ನಲ್ಲಿದೆ? "ಹೊರಗಿನವರು ಅಂತ ಗುರುತು ಹಾಕಿಕೊಟ್ಟ ಹಾಗೆ ಆಗಲ್ವಾ" ಅಂತ ಇನ್ನೊಬ್ಬರು ಕೇಳಿದರು. ಈ ಭಯ ಸುಳ್ಳಲ್ಲ, ನಮ್ಮಮ್ಮನ ಭಯವೂ ಅದೇ. ಅದಕ್ಕೇ ಹೇಳಿದವರ ಒಪ್ಪಿಗೆ ಇಲ್ಲದೆ ಒಂದು ಸಾಲೂ ಹೊರಗೆ ಬರಬಾರದು. ಹೆಸರು ಬೇಡ ಅಂದರೆ ಬೇಡ. ಆದರೆ ಭಯಕ್ಕೆ ಹೆದರಿ ಎಲ್ಲರೂ ಸುಮ್ಮನಾದರೆ, ತಾವು ಮಾತ್ರ ಇಲ್ಲಿಯವರು ಅನ್ನುವವರ ಮಾತೇ ಉಳಿಯುತ್ತದೆ.

ಮಾರನೇ ದಿನ ನಾನು ಆ ಅಜ್ಜಿಯ ಮನೆಗೆ ಹೋದೆ. ಮಾತು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕುರಿ ಮಾರಿದ ಅಪ್ಪ, ಎಲ್ಲ ಬಿಟ್ಟು ಬಾ ಅಂದರೂ ಅವ್ವ ಬೀಸುಕಲ್ಲು ಬಿಡಲಿಲ್ಲವಂತೆ. ಗಾಡಿ ಸಿಕ್ಕ ಕಡೆ ಗಾಡಿ, ಇಲ್ಲದ ಕಡೆ ಅಪ್ಪನ ತಲೆ ಮೇಲೆ ಕಲ್ಲು. ಇಲ್ಲಿ ಗುಡಿಸಲು ಹಾಕಿದ ಮೇಲೆ ಪಕ್ಕದವರು ರಾಗಿ ಬೀಸೋಕೆ ಬರತೊಡಗಿದರು. ಬೀಸುತ್ತಾ ಕೂತವರಲ್ಲೇ ಒಬ್ಬಾಕೆ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೇಳಿದಳು. ಆ ಕಲ್ಲಿನಿಂದಲೇ ನಮಗೆ ಊರು ಪರಿಚಯ ಆಯಿತು ಅಂದರು ಅಜ್ಜಿ. ಸಾಧನೆ ಏನು ಅಂತ ಕೇಳಿದ್ದರೆ ಇದು ಬರುತ್ತಿರಲಿಲ್ಲ.

ಹಾಗಾಗಿ ಕೇಳುವವರಿಗೆ ನನ್ನ ವಿನಂತಿ. ಮೊಬೈಲ್ ರೆಕಾರ್ಡರ್ ಸಾಕು. ನಡುವೆ ಬಾಯಿ ಹಾಕಬೇಡಿ. ಅವರ ಮನೆಮಾತಲ್ಲೇ ಹೇಳಲಿ, ಕನ್ನಡಕ್ಕೆ ಆಮೇಲೆ ತರೋಣ. ಹೇಗನ್ನಿಸಿತು ಅಂತ ಕೇಳಬೇಡಿ. ಬರುವಾಗ ಏನು ತಂದಿರಿ, ಏನು ಬಿಟ್ಟು ಬಂದಿರಿ ಅಂತ ಕೇಳಿ. ರೀಲ್ಸ್‌ಗೆ ಕತ್ತರಿಸಬೇಡಿ. ಒಂದು ಪ್ರತಿ ಮೊದಲು ಆ ಮನೆಯ ಮೊಮ್ಮಕ್ಕಳಿಗೆ ಕೊಡಿ.

ನಾನು ಮುಂದಿನ ಭಾನುವಾರ ನ್ಯಾಮತಿ ಕಡೆಯ ಒಂದು ತಾಂಡಾಕ್ಕೆ ಹೋಗುತ್ತಿದ್ದೇನೆ. ಕಾಫಿ ತೋಟಗಳಿಗೆ ಗುಳೆ ಹೋಗಿ ಬಂದ ಹಿರಿಯರು ಮಾತಾಡಲು ಒಪ್ಪಿದ್ದಾರೆ. ನನಗೆ ಲಂಬಾಣಿಗರ ಮನೆಮಾತು ಗೋರ್ ಬೋಲಿ ಬರಲ್ಲ. ಬರುವವರು ಯಾರಾದರೂ ಜೊತೆಗೆ ಬನ್ನಿ. ಬೆಳಿಗ್ಗೆ ಏಳಕ್ಕೆ ದಾವಣಗೆರೆಯಿಂದ ಹೊರಡೋಣ.